ನಮ್ಮ ಕಾರಿನಲ್ಲಿ ದಾರಿ ಹೇಳುವ ಧ್ವನಿಯವರ ಸನ್ನಿಧಿಗೆ

ಮಾನ್ಯರೇ,

ಕಾಯವಿಲ್ಲದಿದ್ದರೂ ಕಂಠವುಳ್ಳ, ತಮ್ಮದೆಂಬ ಊರಿಲ್ಲದಿದ್ದರೂ ಎಲ್ಲ ಊರಿನ ದಾರಿ ಬಲ್ಲ, ನಮ್ಮ ಕಾರಿನ ಮುಂಭಾಗಕ್ಕೆ ಅಂಟಿಸಿದ ಫೋನಿನೊಳಗೆ ಕಾಯಮ್ಮಾಗಿ ಬಿಡಾರ ಹೂಡಿರುವ ತಮಗೆ, ಅದೇ ಕಾರಿನ ಹಿಂದಿನ ಸೀಟಿನಲ್ಲಿ ಒಂದು ನಾಯಿಗೂ ಒಂದು ನೀರಿನ ಕ್ಯಾನಿಗೂ ನಡುವೆ ಮುದುಡಿಕೊಂಡು ಕೂರುವ ಲೇಖಕನೊಬ್ಬನ ಸವಿನಯ ವಂದನೆಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ತಮಗೆ ಗಂಟಲು ಕಟ್ಟುವುದಿಲ್ಲ, ಬೆನ್ನು ಹಿಡಿದುಕೊಳ್ಳುವುದಿಲ್ಲ, ತಮ್ಮ ಮಾತಿಗೆ ಯಾರೂ ಎದುರಾಡುವುದಿಲ್ಲ. ನನ್ನ ಕ್ಷೇಮದ ಬಗ್ಗೆ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುವ ಸಲುವಾಗಿಯೇ ಈ ಪತ್ರ.

ನಾನು ಪ್ರವಾಸದ ಬರಹಗಳನ್ನು ಬರೆದು ಹೊಟ್ಟೆ ಹೊರೆಯುವವನು. ದಾರಿ ತಪ್ಪುವುದೇ ನಿಜವಾದ ಪ್ರಯಾಣ, ಕಳೆದುಹೋದವನಿಗೇ ಲೋಕ ಕಾಣುವುದು ಎಂದು ಇತ್ತೀಚೆಗೆ ಇಡೀ ಒಂದು ಪುಸ್ತಕದ ತುಂಬ ವಾದಿಸಿದ್ದೇನೆ. ಅದನ್ನು ಓದಿ ಮುಗಿಸಿದ ನನ್ನ ಹೆಂಡತಿ, "ನಿಮ್ಮ ಜೊತೆ ಸಂಸಾರ ಮಾಡಿದವಳಿಗೆ ಇದರಲ್ಲಿ ಹೊಸದೇನಿಲ್ಲ ಬಿಡಿ" ಎಂದು ಪುಸ್ತಕವನ್ನು ಕಪಾಟಿನಲ್ಲಿಟ್ಟಳು. ತಾವು ನಮ್ಮ ಮನೆಗೆ ದಯಮಾಡಿಸುವುದಕ್ಕೆ ಮುಂಚೆ ಕಾರು ಓಡಿಸುವ ಕೆಲಸ ಅವಳದು, ದಾರಿ ಹೇಳುವ ಕೆಲಸ ನನ್ನದು. ಕೆಲಸವನ್ನು ನಾನು ನಿಷ್ಠೆಯಿಂದಲೇ ಮಾಡಿದ್ದೇನೆ; ತಿರುವು ದಾಟಿದ ಮೇಲೆ ತಿರುವಿನ ಬಗ್ಗೆ ಹೇಳುತ್ತಿದ್ದೆ ಎಂಬುದೊಂದು ಆಪಾದನೆ ಇದೆ, ಅದು ಇರಲಿ.

ತಾವು ಬಂದ ದಿನವೇ ನನ್ನ ಹುದ್ದೆ ಹೋಯಿತು. ಹೋದದ್ದಕ್ಕಿಂತ ಹೆಚ್ಚು ಸಂಕಟವಾದದ್ದು ತಮ್ಮ ನಡತೆಯಿಂದ. ನಾವು ತಪ್ಪು ರಸ್ತೆಗೆ ನುಗ್ಗಿದಾಗಲೂ ತಾವು "ನಾನು ಆಗಲೇ ಬಡ್ಕೊಂಡೆ" ಎನ್ನುವುದಿಲ್ಲ, ನಿಟ್ಟುಸಿರು ಬಿಡುವುದಿಲ್ಲ, ಸುಮ್ಮನೆ ಹೊಸ ದಾರಿ ಹುಡುಕಿ ಅದೇ ಸೌಮ್ಯ ಸ್ವರದಲ್ಲಿ ಎಡಕ್ಕೆ ತಿರುಗಿ ಎನ್ನುತ್ತೀರಿ. "ನೋಡಿ ಕಲೀರಿ. ಎಷ್ಟು ತಾಳ್ಮೆ ಇದೆ ಇವಳಿಗೆ! ನೀವಾಗಿದ್ರೆ ಇಷ್ಟು ಹೊತ್ತಿಗೆ ಮುಖ ಊದಿಸ್ಕೊಂಡು ಕಿಟಕಿ ಆಚೆ ನೋಡ್ತಿದ್ರಿ" ಎಂದು ಹೆಂಡತಿ ಹೇಳಿದಾಗ ನಾನು ಮುಖ ಊದಿಸಿಕೊಂಡು ಕಿಟಕಿಯಾಚೆಯೇ ನೋಡುತ್ತಿದ್ದೆ.

ಇನ್ನು ನಮ್ಮ ಅತ್ತೆಯವರ ವಿಚಾರ. ಮಂಡಿನೋವಿನ ನೆಪದಲ್ಲಿ ಮುಂದಿನ ಸೀಟನ್ನು ಆಕ್ರಮಿಸಿಕೊಂಡಿರುವ ಅವರು, ಫೋನಿನೊಳಗಿನ ತಮ್ಮನ್ನು ಯಾರದೋ ಮನೆಯ ಕಷ್ಟಜೀವಿ ಹೆಣ್ಣುಮಗಳೆಂದೇ ತಿಳಿದಿದ್ದಾರೆ. "ಪಾಪ, ಹೊರಟಾಗಿಂದ ಒಂದೇ ಸಮ ಮಾತಾಡ್ತಿದಾಳೆ, ಒಂದು ಗುಟುಕು ನೀರು ಕುಡಿಯೋಕೂ ಬಿಡುವಿಲ್ಲ" ಎಂದು ಮರುಗುವ ಅದೇ ಬಾಯಿ, ನಾನು ಎರಡು ವಾಕ್ಯ ಆಡಿದರೆ "ಸ್ವಲ್ಪ ಸುಮ್ನಿರಿ ಅಳಿಯಂದ್ರೇ, ಅವಳು ಏನೋ ಹೇಳ್ತಿದಾಳೆ" ಎನ್ನುತ್ತದೆ. ಪ್ರತಿ ಪ್ರಯಾಣದ ಕೊನೆಗೆ "ನೀವು ಗಮ್ಯಸ್ಥಾನವನ್ನು ತಲುಪಿದ್ದೀರಿ" ಎಂದು ತಾವು ಅಪ್ಪಣೆ ಕೊಡಿಸುತ್ತೀರಲ್ಲ, ಅದನ್ನು ಕೇಳಿ ಕೇಳಿ ಅವರಿಗೆ ಒಂದು ದಿನ ತಡೆಯಲಾಗಲಿಲ್ಲ. "ಈ ಗಮ್ಯಸ್ಥಾನ ಅನ್ನೋ ಊರು ಅದೆಷ್ಟು ದೊಡ್ಡದು ಅಂತೀನಿ! ಹಲ್ಲಿನ ಡಾಕ್ಟರ ಹತ್ರ ಹೋದ್ರೂ ಅದೇ, ನಿಮ್ಮ ತಮ್ಮನ ಮನೆಗೆ ಹೋದ್ರೂ ಅದೇ." ಅದು ಊರಿನ ಹೆಸರಲ್ಲ, ಹೋಗಿ ಸೇರಬೇಕಾದ ಜಾಗ ಎಂದರ್ಥ ಎಂದು ನಾನು ಸಂಧಿ ಸಮಾಸ ಬಿಡಿಸಿ ಹೇಳಿದ್ದಕ್ಕೆ, "ನೀವು ಬರೀ ಬರೀತೀರಿ, ಅವಳು ಊರು ಸುತ್ತಿದವಳು" ಎಂದು ತೀರ್ಪು ಕೊಟ್ಟುಬಿಟ್ಟರು. ಈಗ ಪಕ್ಕದ ಮನೆಯವರಿಗೆಲ್ಲ ಮಗಳ ಸಂಸಾರ ವಾರಕ್ಕೊಮ್ಮೆ ಗಮ್ಯಸ್ಥಾನಕ್ಕೆ ಹೋಗಿಬರುತ್ತದೆಂದು ಹೇಳಿಕೊಂಡು ತಿರುಗುತ್ತಿದ್ದಾರೆ.

ಇಷ್ಟಕ್ಕೆ ನಾನು ದೂರು ಬರೆಯುತ್ತಿರಲಿಲ್ಲ. ಹೆಂಡತಿಯನ್ನು ಒಲಿಸಿಕೊಂಡಿರಿ, ಸಂತೋಷ. ಅತ್ತೆಯನ್ನು ಒಲಿಸಿಕೊಂಡಿರಿ, ಅದು ಮನುಷ್ಯರಿಂದ ಆಗುವ ಕೆಲಸವೇ ಅಲ್ಲ. ಆದರೆ ನಮ್ಮ ನಾಯಿಯ ತಂಟೆಗೆ ತಾವು ಬರಬಾರದಿತ್ತು.

ನಮ್ಮ ನಾಯಿಯ ಹೆಸರು ಅಲ್ಪವಿರಾಮ. ಬಾಲ ಆ ಚಿಹ್ನೆಯ ಹಾಗೆ ಸುರುಳಿಯಾಗಿ ಕೆಳಗೆ ಇಳಿದಿರುವುದರಿಂದ ಆ ಹೆಸರನ್ನು ನಾನೇ ಇಟ್ಟೆ. ಮನೆಮಂದಿ ಅದನ್ನು ಮೊಟಕುಗೊಳಿಸಿ ಅಲ್ಪ ಎನ್ನುತ್ತಾರೆ. ಅತ್ತೆಯವರು "ಏ ಅಲ್ಪಾ, ಸೋಫಾ ಬಿಟ್ಟು ಏಳು" ಎಂದು ಗದರಿದಾಗ ಒಮ್ಮೊಮ್ಮೆ ನಾಯಿಯೂ ನಾನೂ ಒಟ್ಟಿಗೆ ಎದ್ದುಬಿಡುತ್ತೇವೆ. ಕಣ್ಣು ತೆರೆಯದ ಮರಿಯಾಗಿದ್ದಾಗ ಅದನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು, ಹತ್ತಿಯಲ್ಲಿ ಹಾಲು ಅದ್ದಿ ಕುಡಿಸಿ ಬದುಕಿಸಿಕೊಂಡವನು ನಾನು. ನಾನು ಬರೆಯಲು ಕುಳಿತರೆ ಮೇಜಿನ ಕೆಳಗೆ ಬಂದು ಮಲಗುತ್ತದೆ. ಈ ಮನೆಯಲ್ಲಿ ನಾನು ಕರೆದರೆ ಬರುವ ಜೀವ ಅದೊಂದೇ ಎಂಬ ಧೈರ್ಯದಲ್ಲಿ ದಿನ ನೂಕುತ್ತಿದ್ದೆ.

ಕಳೆದ ವಾರ ಬೇರೊಂದು ಊರಿನ ಗ್ರಂಥಾಲಯದಲ್ಲಿ, ದಾರಿ ತಪ್ಪುವ ಸುಖದ ಬಗ್ಗೆ ಭಾಷಣ ಮಾಡಲು ನನ್ನನ್ನು ಕರೆದಿದ್ದರು. ತಮ್ಮ ಮಾರ್ಗದರ್ಶನದಲ್ಲಿ, ಹಿಂದಿನ ಸೀಟಿನ ಆ ತುದಿಯಲ್ಲಿ ನಮ್ಮ ಪುಟ್ಟ ಮಗಳನ್ನೂ ಕೂರಿಸಿಕೊಂಡು, ಸಕುಟುಂಬ ಹೊರಟೆವು. ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಕಾಲು ಸಡಿಲಿಸೋಣವೆಂದು ನಾನು ಬಾಗಿಲು ತೆರೆದೆನೋ ಇಲ್ಲವೋ, ಗಾಳಿಗೆ ಹಾರಿಹೋಗುತ್ತಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ಕಂಡ ಅಲ್ಪವಿರಾಮ ನನ್ನ ತೊಡೆಯ ಮೇಲಿಂದ ಹಾರಿ, ಬಂಕಿನ ಹಿಂದೆ ರಾಶಿ ಹಾಕಿದ್ದ ಸಿಮೆಂಟ್ ಕೊಳವೆಗಳ ಕಡೆಗೆ ಓಡಿ ಮಾಯವಾಯಿತು. ಆಚೆಗೆ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾನು ಕೊರಳ ನರ ಉಬ್ಬಿಸಿ "ಅಲ್ಪವಿರಾಮಾ! ಅಲ್ಪವಿರಾಮಾ!" ಎಂದು ಕೂಗಿದೆ. ಅಲ್ಲೇ ಹೊರಡಲು ಸಿದ್ಧವಾಗಿ ನಿಂತಿದ್ದ ಬಸ್ಸಿನ ಪ್ರಯಾಣಿಕರು ಅದನ್ನು ಕೇಳಿ, ಒಬ್ಬೊಬ್ಬರೇ ಇಳಿದು ಟೀ ಅಂಗಡಿಯ ಕಡೆ ನಡೆದರು. "ಯಾರ್ರೀ ಅದು ವಿರಾಮ ಕೊಟ್ಟಿದ್ದು? ಬಸ್ಸು ನಂದು, ವಿರಾಮಾನೂ ನಾನೇ ಕೊಡಬೇಕು!" ಎಂದು ಕಂಡಕ್ಟರು ನನ್ನ ಮೇಲೆ ಏರಿಬಂದರು. ಅವರಿಗೆ ಕೈಮುಗಿದು ಇನ್ನಷ್ಟು ಜೋರಾಗಿ ಕೂಗಿದೆ. ಬಸ್ಸು ಪೂರ್ತಿ ಖಾಲಿಯಾಯಿತು. ನಾಯಿ ಬರಲಿಲ್ಲ.

ಮಾನ್ಯರೇ, ಆಗ ನಾನು ಹೆದ್ದಾರಿಯ ಅಂಚಿಗೆ ಓಡಿದೆ. ಮಗಳು ನನ್ನ ತೋಳು ಹಿಡಿದು "ಅಪ್ಪಾ, ಅದಕ್ಕೆ ವಾಪಸ್ ಬರೋ ದಾರಿ ಗೊತ್ತಾಗಲ್ಲ ಅಪ್ಪಾ" ಎಂದು ಅತ್ತಳು. ಕಳೆದುಹೋಗುವುದೇ ಪರಮಸುಖವೆಂದು ಇಡೀ ಪುಸ್ತಕ ಬರೆದ ಮಹಾಶಯನಿಗೆ ಅದರ ಒಂದು ಸಾಲೂ ನೆನಪಾಗಲಿಲ್ಲ. ಪ್ರತಿ ಲಾರಿಯ ಹಾರ್ನಿಗೂ ಇನ್ನೊಮ್ಮೆ ಕೂಗಿದೆ. ಕೂಗಿ ಕೂಗಿ ನನ್ನ ದನಿ ಬಿದ್ದುಹೋಯಿತು.

ಆಗ ಮಗಳು ಕಾರಿನತ್ತ ಓಡಿ ತಮ್ಮನ್ನು ಕಿತ್ತು ತಂದಳು. ತಾನು ನಿಂತ ಜಾಗವನ್ನೇ ಸೇರಬೇಕಾದ ಸ್ಥಳವೆಂದು ಒತ್ತಿ, ದನಿಯನ್ನು ಪೂರ್ತಿ ಏರಿಸಿ, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಳು. ತಾವು ಯಾವ ಆತಂಕವೂ ಇಲ್ಲದೆ "ನೀವು ಗಮ್ಯಸ್ಥಾನವನ್ನು ತಲುಪಿದ್ದೀರಿ" ಎಂದಿರಿ. ತಾವು ಹಾಗೆಂದಾಗಲೆಲ್ಲ ಕಾರಿನ ಬಾಗಿಲು ತೆರೆಯುತ್ತದೆ, ಮಗಳ ಕೈಯಿಂದ ಬಿಸ್ಕತ್ತು ಬರುತ್ತದೆ ಎಂಬುದನ್ನು ನಾಯಿ ಯಾವಾಗಲೋ ಕಲಿತಿತ್ತು, ನನಗೆ ತಿಳಿದಿರಲಿಲ್ಲ. ಕೊಳವೆಯೊಂದರಿಂದ ಮೈತುಂಬ ಧೂಳು ಮೆತ್ತಿಕೊಂಡು, ಬಾಯಲ್ಲಿ ಆ ಹಾಳು ಚೀಲ ಕಚ್ಚಿಕೊಂಡು ಬಾಣದಂತೆ ಬಂತು. ಮೊಣಕಾಲೂರಿ ತೋಳು ಚಾಚಿದ್ದ ನನ್ನನ್ನು ಕಂಬವೊಂದನ್ನು ಬಳಸಿ ಹೋಗುವಂತೆ ಬಳಸಿ ಹೋಗಿ, ತಮ್ಮ ಮುಂದೆ ನಿಂತು ಬಾಲ ಅಲ್ಲಾಡಿಸಿತು. ನಾನು ಅದನ್ನು ತಬ್ಬಿಕೊಂಡು, ಕಂಡಕ್ಟರ ಎದುರಿಗೇ, ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಅದು ನನ್ನ ಹೆಗಲ ಮೇಲಿಂದ ಕತ್ತು ಚಾಚಿ ಫೋನಿನ ಗಾಜನ್ನು ನೆಕ್ಕಿತು.

ಮುಂದೆ ತಮ್ಮ ಕೃಪೆಯಿಂದ ಒಂದೂ ತಿರುವು ತಪ್ಪದೆ, ಹೇಳಿದ ಹೊತ್ತಿಗೆ ಗ್ರಂಥಾಲಯ ಸೇರಿ, ದಾರಿ ತಪ್ಪುವ ಸುಖದ ಬಗ್ಗೆ ಬಿದ್ದ ದನಿಯಲ್ಲೇ ಮಾತಾಡಿದೆ. ಸಭಿಕರೊಬ್ಬರು ಎದ್ದು "ನೀವು ಇಲ್ಲಿಗೆ ಹೇಗೆ ಬಂದ್ರಿ ಸಾರ್?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ಅತ್ತೆಯವರು "ಒಬ್ಬಳು ಹುಡುಗಿ ಇದಾಳೆ, ಅವಳೇ ಕರ್ಕೊಂಡು ಬಂದ್ಲು" ಎಂದರು. ಚಪ್ಪಾಳೆ ಬಿತ್ತು.

ತಮ್ಮ ಉಪಕಾರವನ್ನು ನಾನು ಮರೆಯುವವನಲ್ಲ. ತಾವಿಲ್ಲದಿದ್ದರೆ ಅಂದು ನಾವು ನಾಯಿಯಿಲ್ಲದೆ ಮನೆಗೆ ಮರಳಬೇಕಿತ್ತು. ಉಪಕಾರ ಮಾಡಿದವರ ಮೇಲೆ ಹೀಗೆ ಕುದಿಯುವುದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆಂದು ಹೆಂಡತಿ ಹೇಳುತ್ತಾಳೆ. ಹೌದು, ಹೊಟ್ಟೆಕಿಚ್ಚೇ. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ತಿಂಗಳಿಗೊಮ್ಮೆಯಾದರೂ, ಅತ್ತೆಯವರು ಎಚ್ಚರವಿರುವಾಗ, "ಇದು ನನಗೂ ತಿಳಿಯದು, ಹಿಂದೆ ಕೂತಿರುವ ಯಜಮಾನರನ್ನು ಕೇಳಿ" ಎಂದು ಅಪ್ಪಣೆ ಕೊಡಿಸಬೇಕು. ವರ್ಷಕ್ಕೊಂದು ನೆಗಡಿಯಾದರೂ ಮಾಡಿಕೊಳ್ಳಬೇಕು. ನಮ್ಮ ನಾಯಿ ಇನ್ನೊಮ್ಮೆ ಎಲ್ಲಿಗಾದರೂ ಓಡಿದರೆ, ಮೊದಲು ಅದನ್ನು ಕರೆದು ತಂದು, ಆಮೇಲೆ ತಮ್ಮ ಸೌಮ್ಯ ಸ್ವರದಲ್ಲಿ ಅದರ ಕಿವಿಯಲ್ಲಿ, "ಕರೆದದ್ದು ನಾನಲ್ಲ, ಅವರು" ಎಂದು ನನ್ನ ಕಡೆ ತೋರಿಸಬೇಕು. ತೋರಿಸಲು ತಮಗೆ ಕೈಯಿಲ್ಲವೆಂಬುದು ನನ್ನ ಗಮನದಲ್ಲಿದೆ. ಕೈಯಿಲ್ಲದೆಯೇ ಇಷ್ಟೆಲ್ಲ ಕಿತ್ತುಕೊಂಡವರಿಗೆ ಅದೇನೂ ಕಷ್ಟವಲ್ಲ.

ಹೇಳಿದ ಕಡೆಗೆಲ್ಲ ತಿರುಗುತ್ತಿರುವ,
ತಮ್ಮ ವಿಶ್ವಾಸಿ,
ಹಿಂದಿನ ಸೀಟಿನವನು

ಮರೆತ ಮಾತು: ಇದನ್ನು ಬರೆಯುವಾಗ ಅಲ್ಪವಿರಾಮ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ಮೇಜಿನ ಮೇಲೆ ತಾವೂ ಇದ್ದಿರಿ. ಹೆಂಡತಿ ತಮ್ಮನ್ನು ಕಾರಿನಿಂದ ತಂದಿಟ್ಟು ಬಂದ್ ಮಾಡಲು ಮರೆತಿದ್ದಳು. ನಾಯಿ ಮಲಗಿರುವುದು ಯಾರಿಗಾಗಿ ಎಂಬ ಸಂಶಯ ಬಂದು, ತಮ್ಮನ್ನು ಎತ್ತಿಕೊಂಡು ಹೋಗಿ ನಡುಮನೆಯಲ್ಲಿಟ್ಟೆ. ನಾಯಿ ಹಿಂದೆಯೇ ಬಂತು, ನನ್ನ ಜೀವ ಹಾರಿತು. ಬರಿಗೈಯಲ್ಲಿ ಕೋಣೆಗೆ ಮರಳಿದೆ. ಆಗಲೂ ಹಿಂದೆಯೇ ಬಂತು, ಪಾದದ ಮೇಲೆ ತಲೆಯಿಟ್ಟಿತು. ಆ ಹೊತ್ತಿಗೆ ನಡುಮನೆಯಲ್ಲಿ ತಾವು ಒಬ್ಬರೇ "ಬಲಕ್ಕೆ ತಿರುಗಿ" ಎನ್ನುತ್ತಿದ್ದಿರಿ. ಯಾರೂ ತಿರುಗಲಿಲ್ಲ.