ಎರಡು ಬೆರಳು ಕಮ್ಮಿಯ ಬ್ರೇಕು

ಸೈಕಲ್ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಪಂಕ್ಚರ್ ಆದ ಚಕ್ರದ ಹಾಗೆ ಅದನ್ನೂ ಜನ ತಾವೇ ತಳ್ಳಿಕೊಂಡು ಬರ್ತಾರೆ. ಅದರ ಹಿಂದೆ ಕ್ಯಾರಿಯರ್ ಮೇಲೆ ಅಳುವೂ ಕೂತಿರುತ್ತೆ, ಏನು ಮಾಡೋದು.

೧. ನನ್ನ ಕೈಯೇ ಅಳತೆ

ಮಧುಗಿರಿ ಬೆಟ್ಟದ ಬುಡದಲ್ಲಿ ನನ್ನ ಅಂಗಡಿ. ಇಪ್ಪತ್ತು ವರ್ಷದಿಂದ ಒಂದೇ ಪದ್ಧತಿ. ರಿಪೇರಿ ಮುಗಿದ ಮೇಲೆ ಬ್ರೇಕನ್ನು ನಾನೇ ಹಿಡಿದು ನೋಡ್ತೀನಿ. ನನ್ನ ಕೈಗೆ ಸರಿ ಬಂತು ಅಂದ್ರೆ ಊರಿಗೆಲ್ಲಾ ಸರಿ. ನನ್ನ ಕೈಯೋ, ಮೊರದಗಲ.

ಹೈಸ್ಕೂಲ್ ಮೇಡಂ ಒಬ್ಬರು ತೂಕ ಇಳಿಸೋಕೆ ದಪ್ಪ ಟೈರಿನ ಗೇರ್ ಸೈಕಲ್ ತಗೊಂಡಿದ್ದರು. ವಾರ ಕಳೆಯೋದರೊಳಗೆ ಬಂದು ಎದುರಿಗೆ ನಿಂತರು.

"ಏನ್ರೀ, ಬ್ರೇಕ್ ನನ್ನ ಬೆರಳಿಗೆ ಎಟುಕೋದೇ ಇಲ್ಲ."

"ಇನ್ನೊಂಚೂರು ಚಾಚಿ ಮೇಡಂ, ಅಭ್ಯಾಸ ಆಗುತ್ತೆ" ಅಂದೆ.

ಅವರು ಬಗ್ಗಿ ಬ್ರೇಕ್ ಹಿಡಿಯ ಬುಡದಲ್ಲಿದ್ದ ಸಣ್ಣ ಸ್ಕ್ರೂ ತೋರಿಸಿದರು. "ಇದನ್ನ ತಿರುಗಿಸಿದ್ರೆ ಹಿಡಿ ಹತ್ರ ಬರುತ್ತಂತೆ, ಫೋನಲ್ಲಿ ನೋಡ್ದೆ. ನೀವು ಇದು ಯಾತಕ್ಕಿದೆ ಅಂದ್ಕೊಂಡಿದ್ರಿ?"

ಅದು ಅಂದಕ್ಕೆ ಇಟ್ಟಿದ್ದಾರೆ ಅಂತಲೇ ನಾನು ತಿಳಿದಿದ್ದೆ. ಪ್ರತಿ ಸಲ ಎಣ್ಣೆ ಬಟ್ಟೆಯಲ್ಲಿ ಒರೆಸಿ ಪಳಪಳ ಮಾಡಿ ಕಳಿಸ್ತಿದ್ದೆ. ಸುಳ್ಳು ಯಾಕೆ, ಹಾಗೇ ಹೇಳಿಬಿಟ್ಟೆ.

ಮೇಡಂ ಕಾಲು ಮುಂದಿಟ್ಟರು. ಚಪ್ಪಲಿ ಅರ್ಧ ಸವೆದಿತ್ತು. "ವಾರದಿಂದ ನನಗೆ ಬ್ರೇಕು ಇದೇ. ಇದನ್ನೂ ಒಂಚೂರು ಒರೆಸಿಕೊಡಿ."

೨. ಐದು ಗಂಟೆಯ ನೀರು

ಆ ಸ್ಕ್ರೂ ವಿದ್ಯೆ ಕಲಿತೆ ಅನ್ನೋ ಸುದ್ದಿ ಹೆಂಗೆ ಹರಡಿತೋ, ಐ.ಡಿ.ಹಳ್ಳಿ ಕಡೆಯ ಒಂದು ಊರಿಂದ ನೀರುಗಂಟಿ ಬಂದ. ಮೂರು ಹಟ್ಟಿಗೆ ನೀರು ಬಿಡೋನು. ಪಂಪ್‌ಹೌಸಿನ ಹಳೇ ಮೋಟರಿನ ಬೆಲ್ಟಿಗೆ ಸಿಕ್ಕಿ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋಗಿದ್ದವು. ಗಾಯ ಮಾಗಿತ್ತು, ಆದರೂ ನನಗೆ ನೇರ ನೋಡೋಕಾಗಲಿಲ್ಲ.

"ನೋಡಣ್ಣೋ, ನಾಚ್ಕೋಬ್ಯಾಡ" ಅಂದ. "ಊರೋರೆಲ್ಲಾ ನೋಡಾಯ್ತು. ಮೊದ್ಲು ಹೆಂಗಸ್ರು ನೀರೆಷ್ಟೊತ್ತಿಗೆ ಅಂತ ಕೇಳಿದ್ರೆ ದೂರದಿಂದ್ಲೇ ಕೈ ಎತ್ತಿ ತೋರಿಸ್ತಿದ್ದೆ, ಐದು ಗಂಟೆ ಅಂತ. ಆಸ್ಪತ್ರೆಯಿಂದ ಬಂದ ದಿನಾನೂ ಅಂಗೇ ಎತ್ತಿಬುಟ್ಟೆ. ಮೂರು ಗಂಟೆಗೇ ಕೊಡ ಇಟ್ಕೊಂಡು ಬಿಸ್ಲಲ್ಲಿ ಕುಂತವ್ರೆ! ಎರಡು ಗಂಟೆ ಬೈಸ್ಕೊಂಡೆ ಕಣಣ್ಣ. ಬೆರಳಿಗೊಂದು ಗಂಟೆ."

ಅವನೇ ನಕ್ಕ. ನಾನೂ ನಕ್ಕೆ.

ಆಮೇಲೆ ವಿಷಯ ಹೇಳಿದ. ಅವನ ಕೆಲಸದ ಮೇಲೆ ಪಂಚಾಯ್ತಿ ಮೆಂಬರ್ ಒಬ್ಬರ ಭಾಮೈದನಿಗೆ ಕಣ್ಣು. 'ಕೈಯಿಲ್ಲದೋನು ಸೈಕಲ್ಲಲ್ಲಿ ಮೂರು ಹಟ್ಟಿ ಹೆಂಗೆ ಸುತ್ತುತಾನೆ' ಅಂತ ತಕರಾರು ಎಬ್ಬಿಸಿದ್ದರು. ಸೋಮವಾರ ಟ್ಯಾಂಕಿನ ದಿಬ್ಬದಿಂದ ಇಳಿದು ಬಂದು, ಪಂಚಾಯ್ತಿ ಮುಂದೆ ಎಳೆದ ಗೆರೆ ಮೇಲೆ ಬ್ರೇಕ್ ಹಿಡಿದು ನಿಲ್ಲಿಸಿ ತೋರಿಸಬೇಕು. ನಿಲ್ಲಿಸಿದರೆ ಕೆಲಸ ಅವನದು, ಇಲ್ಲದಿದ್ದರೆ ಭಾಮೈದನದು.

"ಎಡಗೈ ಚೆನ್ನಾಗೈತಲ್ಲ, ಆ ಕಡೆ ಬ್ರೇಕ್ ಹಿಡಿ" ಅಂದೆ.

"ಎಡಗೈಲಿ ವಾಲ್ವ್ ತಿರುಗ್ಸೋ ಕಬ್ಬಿಣದ ಸಲಾಕೆ ಇರ್ತೈತೆ. ಆ ಕಡೆ ಬ್ರೇಕ್ ಎಂದೋ ಬಿಚ್ಚಾಕಿದೀನಿ" ಅಂದ. "ಇನ್ನು ಸಲಾಕೇನ ಹಲ್ಲಲ್ಲಿ ಕಚ್ಕೊಂಡೋಗ್ಬೇಕಷ್ಟೆ. ಹಲ್ಲೂ ಹೋದ್ರೆ ಆ ಕೆಲ್ಸಾನೂ ಭಾಮೈದಂಗೇ."

೩. ಕೋರ್ಟ್ ಮುಂದಿನ ಇಳಿಜಾರು

ಸ್ಕ್ರೂ ತಿರುಗಿಸಿದೆ. ಹಿಡಿ ಒಳಕ್ಕೆ ಬಂತು. ಅವನ ಉಂಗುರ ಬೆರಳು, ಕಿರುಬೆರಳು ಎಟುಕಿದವು. ನನಗೋ ದೊಡ್ಡ ಡಾಕ್ಟರ್ ಆದಷ್ಟು ಜಂಬ. "ಹೋಗು, ಕೋರ್ಟ್ ಹತ್ರ ಇಳಿಜಾರಲ್ಲಿ ಒಂದು ರೌಂಡ್ ಹೊಡ್ಕೊಂಬಾ" ಅಂದೆ.

ಹಿಡಿ ಹತ್ತಿರ ಬಂದರೆ ಅದಕ್ಕೆ ಓಡಾಡೋ ಜಾಗ ಕಮ್ಮಿಯಾಗುತ್ತೆ, ಜೊತೆಗೆ ಕೇಬಲ್ಲನ್ನೂ ಬಿಗಿ ಮಾಡಬೇಕು. ಅದನ್ನು ಮರೆತಿದ್ದೆ. ಅವನು ಹಿಡಿ ಒತ್ತಿದ. ಹಿಡಿ ಹ್ಯಾಂಡಲ್ಲಿಗೆ ಅಂಟಿತು, ಚಕ್ರ ಮಾತ್ರ ತಿರುಗ್ತಾನೇ ಇತ್ತು. ಹೋಗಿ ಅರ್ಜಿ ಬರೆಯೋರ ಮೇಜಿಗೇ ಗುದ್ದಿದ. ಟೈಪ್ ಮೆಷಿನ್ ಒಂದು ಕಡೆ, ಸೀಲು ಒಂದು ಕಡೆ, ಇವನು ಕಾಗದದ ಮಧ್ಯೆ.

ಓಡಿ ಹೋದೆ. ಮೊಣಕೈ ತರಚಿ ರಕ್ತ ಬರ್ತಿತ್ತು. ನನ್ನ ತಪ್ಪು, ಕಣ್ಣಲ್ಲಿ ನೀರೇ ಬಂತು. ಅರ್ಜಿ ಬರೆಯೋರು ಮಾತ್ರ ಕನ್ನಡಕ ಸರಿಮಾಡಿಕೊಂಡು ಅವನ ಕೈ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಯೋಚ್ನೆ ಮಾಡ್ಬ್ಯಾಡಪ್ಪ, ಹೆಬ್ಬೆಟ್ಟು ಉಳ್ದೈತೆ. ನಮ್ ಕಡೆ ಕೆಲ್ಸಕ್ಕೆ ಅಷ್ಟಿದ್ರೆ ಸಾಕು."

೪. ನಿಂಬೆಹಣ್ಣು

ಮಾರನೇ ದಿನ ಅವನ ಜೊತೆ ಹೆಂಡತಿಯೂ ಬಂದಳು. ಪಾವಗಡದ ಕಡೆಯವಳು. ನನ್ನನ್ನು ಒಂದು ನೋಟ ನೋಡಿದಳು, ಅದರಲ್ಲೇ ಎಲ್ಲಾ ಬೈಗುಳ ಮುಗೀತು.

ಈ ಸಲ ಕೇಬಲ್ ಬಿಗಿ ಮಾಡಿದೆ. ಉಳಿದ ಎರಡು ಬೆರಳು ನೇರ ಬೀಳೋ ಹಾಗೆ ಹಿಡಿಯನ್ನೂ ಪಕ್ಕಕ್ಕೆ ಸರಿಸಿ ಕೂರಿಸಿದೆ. ಹಿಡಿದು ನೋಡೋಕೆ ಹೋದಾಗ ಹೊಳೀತು, ನನ್ನ ಕೈ ಅಳತೆ ಇಲ್ಲಿ ನಡೆಯಲ್ಲ. ತೋರುಬೆರಳು, ನಡುಬೆರಳು ಮಡಚಿ ಅಂಗೈಗೆ ಒತ್ತಿ, ಉಳಿದದ್ದರಲ್ಲಿ ಹಿಡಿದೆ. ನನ್ನ ಬೆರಳನ್ನ ನಾನು ಮತ್ತೆ ಬಿಡಿಸಬಹುದು, ಅವನಿಗೆ ಅದಿಲ್ಲ.

ಬ್ರೇಕ್ ಚೆನ್ನಾಗಿ ಹಿಡೀತು. ನೆಮ್ಮದಿಯಾಗಿ ಟೀ ಕುಡಿದು ಬಂದು ಇನ್ನೊಂದು ಸಲ ಒತ್ತಿದರೆ ಹಿಡಿ ಅಲ್ಲಾಡಲೇ ಇಲ್ಲ! ಬಗ್ಗಿ ನೋಡಿದೆ. ಹಿಡಿಗೂ ಹ್ಯಾಂಡಲ್ಲಿಗೂ ಮಧ್ಯೆ ದಪ್ಪ ನಿಂಬೆಹಣ್ಣು, ಎರಡು ಮೆಣಸಿನಕಾಯಿ, ಕಪ್ಪು ದಾರದಲ್ಲಿ ಬಿಗಿಯಾಗಿ ಕಟ್ಟಿದೆ.

"ಅಮ್ಮಾ, ಇದಿದ್ರೆ ನಿನ್ನ ಗಂಡ ಸೀದಾ ಸ್ಮಶಾನದಲ್ಲೇ ನಿಲ್ಲೋದು!"

"ದೇವುಡಾ! ಮೋಟ್ರಿಗೆ ಕಟ್ಟಿರ್ಲಿಲ್ಲ, ಅದುಕ್ಕೇ ಬೆರಳು ಹೋದ್ವು" ಅಂತ ಅವಳು ಅಳೋಕೆ ಶುರು ಮಾಡಿದಳು. ಅಳ್ತಾ ಅಳ್ತಾ ದಾರ ಬಿಚ್ಚಿದಳು. ಬಿಚ್ಚಿದವಳು ಬಂದು ನನ್ನ ಮುಂಗೈಗೆ ಕಟ್ಟಿಬಿಟ್ಟಳು.

"ಇಲ್ಲೇ ಇರ್ಲಿ ಬುಡು. ತಪ್ಪಾಗ್ತಿರೋದು ಇಲ್ಲಿಂದ್ಲೇ ಅಲ್ವಾ."

೫. ಸೋಮವಾರ

ಅಂಗಡಿ ಮುಚ್ಚಿ ಹೋದೆ, ಇರೋಕಾಗಲಿಲ್ಲ. ಪಂಚಾಯ್ತಿ ಮುಂದೆ ಮೂರು ಹಟ್ಟಿಯ ಜನ. ಮೆಂಬರ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಭಾಮೈದ.

ನೀರುಗಂಟಿ ದಿಬ್ಬದಿಂದ ಬಿಟ್ಟ. ಎಡಗೈಲಿ ಸಲಾಕೆ. ಸೈಕಲ್ ಜೋರಾಗಿ ಇಳೀತು, ಅವನ ಹೆಂಡತಿ ಕಣ್ಣು ಮುಚ್ಚಿಕೊಂಡಳು, ನಾನೂ ಮುಚ್ಚಿಕೊಂಡೆ. ಕಿರ್ ಅಂತ ಸದ್ದು. ಕಣ್ಣು ಬಿಟ್ಟರೆ ಗೆರೆಯ ಮೇಲೆ ಚಕ್ರ ಇಟ್ಟು ನಿಂತಿದಾನೆ!

ಹೆಂಗಸರು ಕೇಕೆ ಹಾಕಿದರು. ಮೆಂಬರ್ ಮುಖ ಸಣ್ಣಗಾಯ್ತು. "ಇದು ಸೈಕಲ್ ಮಹಿಮೆ ಕಣ್ರಲಾ, ಇವನ ಕೈದಲ್ಲ. ಇಂಥ ಬ್ರೇಕ್ ಇದ್ರೆ ಯಾರ್ ಬೇಕಾದ್ರೂ ನಿಲ್ಲಿಸ್ತಾರೆ. ನಮ್ಮೋನೂ ಇಳೀಲಿ, ನಿಲ್ಲಿಸಿದ್ರೆ ಕೆಲ್ಸ ನಮ್ಮೋನಿಗೇ" ಅಂದರು.

ಬ್ಯಾಡ ಅನ್ನೋಕೆ ಬಾಯಿ ತೆಗೆದೆ. ನನ್ನ ಮಾತು ಯಾರು ಕೇಳ್ತಾರೆ. ಭಾಮೈದ ಸಲಾಕೆ ಹಿಡಿದು ದಿಬ್ಬದಿಂದ ಇಳಿದೇಬಿಟ್ಟ. ಎಲ್ಲರ ಹಾಗೆ ಎರಡು ಬೆರಳು ಬ್ರೇಕಿನ ಮೇಲೆ, ಎರಡು ಹ್ಯಾಂಡಲ್ ಮೇಲೆ. ಗೆರೆ ಹತ್ತಿರ ಬಂದಾಗ ಜೋರಾಗಿ ಒತ್ತಿದ. ಹಿಡಿ ಬಂದು ಹ್ಯಾಂಡಲ್ ಮೇಲಿದ್ದ ಅವನದೇ ಎರಡು ಬೆರಳನ್ನ ಅಮುಕಿತು, ಇನ್ನು ಒಳಕ್ಕೆ ಹೋಗೋಕೆ ಜಾಗ ಇಲ್ಲ. "ಅಯ್ಯಯ್ಯಪ್ಪೋ" ಅಂತ ಕಿರುಚಿಕೊಂಡು ಗೆರೆ ದಾಟಿ, ಭಾವನ ಕುರ್ಚಿ ದಾಟಿ, ದನ ನೀರು ಕುಡಿಯೋ ತೊಟ್ಟಿಗೆ ಇಸ್ತ್ರಿ ಅಂಗಿ ಸಮೇತ ಬಿದ್ದ.

ತೊಟ್ಟಿಯಿಂದ ಎದ್ದು ಬೆರಳು ಒದರಿಕೊಳ್ತಾ ಬೊಬ್ಬೆ ಹಾಕಿದ. "ಇದು ಮನುಷ್ರು ಹಿಡಿಯೋ ಬ್ರೇಕೇ ಅಲ್ಲ!"

ನೀರುಗಂಟಿ ನಿಧಾನವಾಗಿ ಹೋಗಿ ಸಲಾಕೆ ಎತ್ತಿಕೊಂಡ.

"ಹಿಡೀಬೋದು ಕಣ್ಲಾ. ಎರಡು ಬೆರಳು ಅಡ್ಡ ಬತ್ತವೆ, ಅಷ್ಟೇಯ. ಕೆಲ್ಸ ಬೇಕೇಬೇಕು ಅಂದ್ರೆ ಮೋಟ್ರು ಅಲ್ಲೇ ಐತೆ, ಹೋಗಿ ತೆಗೆಸ್ಕೊಂಬಾ."