ಆರು ಮನಿ ಬ್ಯಾಟ್ರಿ

ನಮ್ಮ ಮಾಮಾನ ಮನೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು 'ಇವತ್ತು ಯಾವ ವಾರ?' ಎಂದು ಕೇಳುತ್ತಿದ್ದೆ. ಸೋಮವಾರವಾದರೆ ರಾಣೇಬೆನ್ನೂರು, ಬುಧವಾರವಾದರೆ ಬ್ಯಾಡಗಿ, ಶುಕ್ರವಾರವಾದರೆ ಹಾವೇರಿಯಲ್ಲಿ ನಮ್ಮದೇ ಅಂಗಳದ ಬೇವಿನ ಗಿಡದ ಕೆಳಗೆ. ನಡುವಿನ ದಿನಗಳಲ್ಲಿ ಕೇಳಿದಿರೋ, ದೇವರೇ ಗತಿ! ಲೋಕದಲ್ಲಿ ಜನ ಊರೊಳಗೆ ಮನೆ ಬದಲಾಯಿಸುತ್ತಾರೆ. ನಮ್ಮ ಮಾಮಾ ಮನೆಗೆ ಊರು ಬದಲಾಯಿಸುತ್ತಿದ್ದರು.

ಮಾಮಾ ಎಂದರೆ ನಮ್ಮವ್ವನ ಒಬ್ಬನೇ ತಮ್ಮ. ರಸ್ತೆ ಕೆಲಸದ ಓವರ್‌ಸಿಯರ್ ಆಗಿ ಮೂವತ್ತು ವರ್ಷ ಡಾಂಬರು ಹಾಕಿಸಿ ನಿವೃತ್ತರಾದವರು. ಮಕ್ಕಳಿಲ್ಲ. ಅವರ ಹೆಂಡತಿ, ನಮ್ಮ ಅತ್ತಿ, ತೀರಿಕೊಂಡ ಮರುವರ್ಷ ಅವರು ಲಿಲಾವಿನಲ್ಲಿ ಸವಾಲು ಕೂಗಿ ಒಂದು ಹಳೇ ಮಟಾಡೋರ್ ವ್ಯಾನು ಹಿಡಿದರು. ಅದರೊಳಗೆ ಒಂದು ಮಂಚ, ಸೀಮೆಎಣ್ಣೆ ಸ್ಟೋವು, ಅತ್ತಿಯ ಮಸಾಲೆ ಡಬ್ಬಿ, ರೇಡಿಯೋ, ಕಿಟಕಿಗೆ ಹೂವಿನ ಪರದೆ! ಹಿಂದಿನ ಬಾಗಿಲಿಗೆ ಒಂದು ತೋರಣ ಬೇರೆ. ಇದೆಲ್ಲಾ ನಡೆದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಗಾಲಿಯ ಮೇಲೆ ಸಂಸಾರ ಮಾಡುವುದು ಸರ್ಕಸ್ಸಿನವರು ಮಾತ್ರ ಎಂದು ನಮ್ಮ ಓಣಿ ನಂಬಿದ್ದ ಕಾಲ.

"ಇದೇನೋ ಹುಚ್ಚಾ? ಅಕ್ಕನ ಮನಿ ಇಲ್ಲೇನು ನಿನಗ?" ಎಂದು ಅವ್ವ ಬೈದಳು.

"ಯಾರಿಗೂ ತ್ರಾಸ ಆಗಬಾರದವಾ ಅಕ್ಕಾ. ನನ್ನ ಮನಿ ನನ್ನ ಬೆನ್ನ ಹಿಂದ ಇರತೈತಿ" ಎಂದರು ಮಾಮಾ.

ಬೆನ್ನ ಹಿಂದೆ ಮನೆಯೇನೋ ಇತ್ತು, ಅದರಲ್ಲಿ ದೀಪ ಎಲ್ಲಿಂದ ಬರಬೇಕು? ಮೊದಲು ಅವರು ಗಾಡಿಯ ಬ್ಯಾಟರಿಗೇ ಒಂದು ಬಲ್ಬು ಸಿಕ್ಕಿಸಿದರು. ಸಂಜೆಯಿಡೀ ಬಲ್ಬು ಉರಿಯಿತು, ಬೆಳಿಗ್ಗೆ ಗಾಡಿ ಉಸಿರೇ ಎತ್ತಲಿಲ್ಲ. ಹಾಲಿನವ, ಹೂವಿನವ, ಎದುರು ಮನೆಯ ವಕೀಲರು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ ನಾನು, ಎಲ್ಲರೂ ಸೇರಿ ಬಸ್‌ಸ್ಟ್ಯಾಂಡಿನತನಕ ನೂಕಿದೆವು. ನಾನು ಕನ್ಯಾ ಶಾಲೆಯ ಅಕ್ಕೋರು. ನನ್ನ ವಿದ್ಯಾರ್ಥಿನಿಯರು ರಸ್ತೆಯ ಎರಡೂ ಬದಿಗೆ ನಿಂತು "ನಮಸ್ತೇರಿ ಅಕ್ಕೋರೆ" ಎಂದು ಒಬ್ಬರಾದ ಮೇಲೊಬ್ಬರು ಕೈಮುಗಿದರು. ಎರಡೂ ಕೈ ವ್ಯಾನಿನ ಮೇಲಿದ್ದ ನಾನು ಹೇಗೆ ನಮಸ್ಕರಿಸಲಿ, ನೀವೇ ಹೇಳಿ!

ಇದಕ್ಕೆ ಪರಿಹಾರ ಹೇಳಿದ್ದು ರಾಣೇಬೆನ್ನೂರಿನ ಖಾದರಸಾಬ. ಪೂನಾ-ಬೆಂಗಳೂರು ರಸ್ತೆಯ ಮಗ್ಗುಲಲ್ಲಿ ಅವನ ಬ್ಯಾಟರಿ ಅಂಗಡಿ. ಅವನ ಪ್ಯಾಂಟಿನಲ್ಲಿ ಬಟ್ಟೆಗಿಂತ ಆ್ಯಸಿಡ್ಡಿನ ತೂತುಗಳೇ ಹೆಚ್ಚು. "ಗಾಡಿ ಬ್ಯಾಟ್ರಿ ಬ್ಯಾರೆ, ಮನಿ ಬ್ಯಾಟ್ರಿ ಬ್ಯಾರೆ ಮಾಡ್ರಿ ಸಾಹೇಬ್ರ. ಒಂದರ ಕೂಳು ಇನ್ನೊಂದು ಉಣಬಾರದು" ಎಂದ. ಹೀಗೆ ಮಾಮಾನ ಮಂಚದ ಕೆಳಗೆ ಮೊದಲನೆಯ ಮನಿ ಬ್ಯಾಟ್ರಿ ಬಂದು ಕೂತಿತು. ಗಾಡಿ ಓಡಿದಾಗೆಲ್ಲ ಅದೂ ಚಾರ್ಜ್ ಆಗುತ್ತಿತ್ತು.

ಎರಡನೆಯದು ಬಂದದ್ದು ಒಂದು ಮಾತಿನ ಗಡಿಬಿಡಿಯಿಂದ. ನಮ್ಮ ಮನೆತನದಲ್ಲಿ ದೀಪವನ್ನು 'ಆರಿಸು' ಎನ್ನುವುದಿಲ್ಲ, ಅಪಶಕುನ. 'ದೀಪ ದೊಡ್ಡದು ಮಾಡು' ಎನ್ನಬೇಕು. ಎಣ್ಣೆದೀಪಕ್ಕೆ ಹುಟ್ಟಿದ ಈ ಶಾಸ್ತ್ರವನ್ನು ನಾವು ಕರೆಂಟಿನ ಬಲ್ಬಿಗೂ ಬಿಟ್ಟವರಲ್ಲ. ಮಾಮಾ ಹೋಗಿ ಖಾದರಸಾಬನಿಗೆ, "ಮಂಚದ ಮ್ಯಾಲಿಂದಾನ ದೀಪಾ ದೊಡ್ಡದು ಮಾಡೂ ಹಂಗ ಒಂದು ಬಟನ್ ಹಾಕಿಕೊಡಪಾ" ಎಂದು ಹೇಳಿ ಚಹಾ ಕುಡಿಯಲು ಹೋದರು. ತಿರುಗಿ ಬಂದಾಗ ಖಾದರಸಾಬ ಇದ್ದ ಬಲ್ಬು ಕಿತ್ತು ನಾಲ್ಕಡಿಯ ಟ್ಯೂಬ್‌ಲೈಟ್ ಬಿಗಿದಿದ್ದ. ಅದಕ್ಕೆ ಕೂಳು ಸಾಲದು ಎಂದು ಇನ್ನೊಂದು ಬ್ಯಾಟರಿಯನ್ನೂ ಜೋಡಿಸಿದ್ದ!

"ಇದೇನೋ ಮಾಡಿದಿ?"

"ನೀವ ಹೇಳೀರಲ್ರಿ, ದೀಪಾ ದೊಡ್ಡದು ಮಾಡು ಅಂತ. ಇದಕ್ಕಿಂತ ದೊಡ್ಡದು ರಾಣೇಬೆನ್ನೂರಾಗ ಸಿಗಂಗಿಲ್ರಿ."

ಆ ಶುಕ್ರವಾರ ನಮ್ಮ ಅಂಗಳ ಮದುವೆ ಮಂಟಪದಂತೆ ಬೆಳಗಿತು. ಎದುರು ಮನೆಯ ವಕೀಲರು ಬಂದು, "ಏನ್ರಿ ಅಕ್ಕೋರ, ಅಂತೂ ಯೋಗ ಕೂಡಿಬಂತು?" ಎಂದು ನನ್ನನ್ನು ಕೇಳಿದರು. ಆಗ ನನಗೆ ಮೂವತ್ತೆಂಟು. ನಕ್ಕು ಒಳಗೆ ಹೋದೆ.

ಆಮೇಲೆ ಮಾಮಾನಿಗೆ ರುಚಿ ಹತ್ತಿತು. ಫ್ಯಾನಿಗೆಂದು ಮೂರನೆಯದು, ಮಳೆ ಹಿಡಿದು ಗಾಡಿ ಓಡಿಸಲಾಗದ ದಿನಕ್ಕೆಂದು ನಾಲ್ಕನೆಯದು. 'ಇರಲಿ' ಎಂದು ಐದು, 'ಐದು ಬೆಸ' ಎಂದು ಆರು. ವ್ಯಾನಿನ ಹಿಂಭಾಗ ಕುಸಿದು ಮೂತಿ ಆಕಾಶ ನೋಡತೊಡಗಿತು. ಬಸಿಯಲ್ಲಿ ಚಹಾ ಹಾಕಿದರೆ ಅದು ಒಂದೇ ಕಡೆ ಸರಿದು ನಿಲ್ಲುತ್ತಿತ್ತು. ಐರಣಿಯ ಹೊಳೆದಂಡೆಯಲ್ಲಿ ಗಾಲಿ ಉಸುಕಿನಲ್ಲಿ ಹೂತು, ನಾಲ್ಕು ಎತ್ತು ಕಟ್ಟಿ ಎಳೆಸಬೇಕಾಯಿತು. ಎತ್ತಿನ ಯಜಮಾನ ಬೆವರು ಒರೆಸಿಕೊಳ್ಳುತ್ತ, "ಒಳಗ ಏನ್ ತುಂಬೀರಿ ಸಾಹೇಬ್ರ, ಬಂಗಾರೇನು?" ಎಂದನಂತೆ.

"ಕರೆಂಟ್ ಐತಿ" ಎಂದರಂತೆ ಮಾಮಾ.

ಅವನು ಬಹಳ ಹೊತ್ತು ವಿಚಾರ ಮಾಡಿ, "ನಮ್ಮ ಊರಾಗ ಕರೆಂಟ್ ಯಾಕ ಲಗೂ ಬರಂಗಿಲ್ಲ ಅಂತ ಈಗ ತಿಳೀತ್ರಿ. ಇಷ್ಟು ಭಾರಾ ಇದ್ರ ತಂತಿ ಮ್ಯಾಲೆ ಹೆಂಗ ಬಂದೀತು!" ಎಂದನಂತೆ.

ಕುಪ್ಪೇಲೂರಿನ ಕತೆ ಇನ್ನೂ ಚಂದ. ಬಿಳೀ ವ್ಯಾನು, ಒಳಗೆ ಮಂಚ, ಪರದೆ, ಝಗಝಗ ಬೆಳಕು. "ಆಪರೇಶನ್ ಗಾಡಿ ಬಂತಲೇ!" ಎಂದು ಯಾರೋ ಕೂಗಿದ್ದೇ ತಡ, ಊರ ಗಂಡಸರೆಲ್ಲ ಜೋಳದ ಹೊಲಕ್ಕೆ ಬಿದ್ದು ಓಡಿದರು. ಒಬ್ಬಳು ಮುದುಕಿ ಮಾತ್ರ ಕೋಲೂರಿಕೊಂಡು ಬಂದು, "ಡಾಕ್ಟರ್ರ, ನನ್ನ ಮಗಗ ಏಳು ಮಕ್ಕಳ್ರಿ. ಅಕಾ ಅಲ್ಲಿ, ಆ ಜೋಳದ ಕಣಿಕಿ ಬಣವಿ ಹಿಂದ ಅಡಗ್ಯಾನ, ಹಿಡಕೊಂಡು ಹೋಗ್ರಿ" ಎಂದಳಂತೆ. ಈ ಕತೆಯನ್ನು ಮಾಮಾ ಪ್ರತಿ ಶುಕ್ರವಾರ ಹೇಳುತ್ತಿದ್ದರು. ಮಗನ ಮಕ್ಕಳು ವಾರದಿಂದ ವಾರಕ್ಕೆ ಹೆಚ್ಚಾಗುತ್ತಿದ್ದರು.

ಇಷ್ಟೆಲ್ಲಾ ನಗುವಿನ ನಡುವೆ ಒಂದು ಸಂಗತಿಯನ್ನು ನಾನು ತಡವಾಗಿ ಗಮನಿಸಿದೆ. ಒಂದು ಬ್ಯಾಟರಿ ಇದ್ದಾಗ ಮಾಮಾನ ದೀಪ ಏಳು ಗಂಟೆಗೇ ಮಂಕಾಗುತ್ತಿತ್ತು. ಅವರು ಪೇಪರು ಹಿಡಿದುಕೊಂಡು ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದರು, ಅವ್ವ ರೊಟ್ಟಿ ಬಡಿಯುತ್ತ ಹರಟುತ್ತಿದ್ದಳು. ಎರಡಾದ ಮೇಲೆ ಎಂಟಕ್ಕೆ ಬಂದರು, ಅರ್ಧ ತಾಸು ಕೂತರು. ನಾಲ್ಕಾದ ಮೇಲೆ ಹೊಸ್ತಿಲಲ್ಲೇ ನಿಂತು "ಉಂಡೀರೇನವಾ?" ಎಂದು ಕೇಳಿ ಹೋದರು. ಆರಾದ ಮೇಲೆ ಬರುವುದನ್ನೇ ಬಿಟ್ಟರು! ಕುಪ್ಪೇಲೂರಿನ ಕತೆಯನ್ನೂ ವ್ಯಾನಿನ ಕಿಟಕಿಯಿಂದಲೇ ಹೇಳುತ್ತಿದ್ದರು. ಹತ್ತು ಹೆಜ್ಜೆ ಆಚೆ ಅವರು ಒಬ್ಬರೇ ಕೂತು ಉಣ್ಣುವುದು ಕಾಣುತ್ತಿತ್ತು. ಅವ್ವ ಅಡುಗೆಮನೆಯ ಕಿಟಕಿಯಿಂದ ಅದನ್ನೇ ನೋಡುತ್ತ ರೊಟ್ಟಿ ಸೀಯಿಸುತ್ತಿದ್ದಳು.

"ಆ ಬ್ಯಾಟ್ರಿ ಸುಟ್ಟುಹೋಗ್ಲಿ" ಎಂದು ಒಂದು ದಿನ ಕಣ್ಣೊರೆಸಿಕೊಂಡಳು.

ಶಾಲೆಯ ಕೆಲಸಕ್ಕೆ ರಾಣೇಬೆನ್ನೂರಿಗೆ ಹೋದಾಗ ಖಾದರಸಾಬನ ಅಂಗಡಿಯಲ್ಲಿ ಮಾಮಾ ಸಿಕ್ಕರು. ಅವರು ಏಳನೆಯದರ ಮಾತು ತೆಗೆದಿದ್ದರು. "ಬ್ಯಾಡ್ರಿ ಸಾಹೇಬ್ರ. ಹಳೇ ಬ್ಯಾಟ್ರಿ ಜೋಡಿ ಹೊಸಾದು ಕೂಡಿಸಿದ್ರ ಹಳೇದು ಹೊಸಾದರ ಜೀವಾ ಹೀರತೈತಿ" ಎಂದ ಖಾದರಸಾಬ.

"ಖರೇ ಹೇಳಿದಿ. ಅದಕ್ಕ ನಾ ಬ್ಯಾರೆ ಇರೂದು" ಎಂದರು ಮಾಮಾ. ಆಮೇಲೆ ನನ್ನ ಕಡೆ ನೋಡಿ, ಜೋಕು ಮಾಡಿದವರಂತೆ ನಕ್ಕರು.

ನನಗೆ ನಗು ಬರಲಿಲ್ಲ. ಅತ್ತಿ ಹೋದ ಹೊಸದರಲ್ಲಿ ಮಾಮಾ ನಮ್ಮ ಮನೆಯಲ್ಲೇ ಇದ್ದರು, ಒಂದು ತಿಂಗಳು. ರಾತ್ರಿ ಪೇಪರನ್ನು ಗಟ್ಟಿಯಾಗಿ ಓದುವುದು ಅವರ ರೂಢಿ. ಅತ್ತಿ ಓದು ಕಲಿತವಳಲ್ಲ, ಮೂವತ್ತು ವರ್ಷ ಹಾಗೆ ಓದಿ ಹೇಳಿದ್ದರು. ಒಂದು ದಿನ ಪರೀಕ್ಷೆಯ ಪೇಪರು ತಿದ್ದಿ ತಿದ್ದಿ ನನ್ನ ತಲೆ ಸಿಡಿಯುತ್ತಿತ್ತು. "ಸಾಕ್ರಿ ಮಾಮಾ, ದೀಪಾ ದೊಡ್ಡದು ಮಾಡ್ರಿ. ಮುಂಜಾನೆ ನನಗ ಸಾಲಿ ಐತಿ" ಎಂದಿದ್ದೆ. ಮಾತು ಸಣ್ಣದು, ದನಿ ಒರಟಾಗಿತ್ತು. ಅವರು ತಕ್ಷಣ ದೀಪ ತೆಗೆದರು. ಎರಡೇ ದಿನಕ್ಕೆ, ಕೆಲಸವಿದೆ ಎಂದು ಟ್ರಂಕು ಎತ್ತಿಕೊಂಡು ಹೊರಟರು. ಆಮೇಲೆ ಬಂದದ್ದೇ ಈ ವ್ಯಾನು. ಜನ ಅದನ್ನು ಹುಚ್ಚು ಎಂದರು, ನಾನೂ ಅವರ ಜೊತೆ ನಕ್ಕೆ. ಅವರು ಆರು ಬ್ಯಾಟರಿ ಹೊತ್ತು ತಿರುಗುತ್ತಿದ್ದುದು ನನ್ನ ಒಂದು ಮಾತಿಗೆ ಎಂದು ಆವತ್ತು ಆ್ಯಸಿಡ್ ವಾಸನೆಯ ಅಂಗಡಿಯಲ್ಲಿ ನಿಂತು ತಿಳಿಯಿತು. ಬಹಳ ನಾಚಿಕೆಯಾಯಿತು.

ಅಲ್ಲೇ ಕ್ಷಮೆ ಕೇಳಬಹುದಿತ್ತಲ್ಲ ಎನ್ನುತ್ತೀರಾ? ನಮ್ಮ ಮನೆತನ ನಿಮಗೆ ಗೊತ್ತಿಲ್ಲ. ದೀಪ ಆರಿಸು ಎನ್ನುವುದಕ್ಕೇ ಸುತ್ತು ಬಳಸುವವರು, 'ನನ್ನದು ತಪ್ಪಾಯಿತು' ಎನ್ನುವುದನ್ನು ನೇರ ಹೇಳಿಯಾರೆ? ಮಾಮಾ ಹೋಗುವುದನ್ನೇ ಕಾದು, ಖಾದರಸಾಬನನ್ನು ಗುಟ್ಟಾಗಿ ಕೇಳಿಕೊಂಡೆ: "ಮುಂದಿನ ಸಲ ಬಂದಾಗ ಐದು ಬ್ಯಾಟ್ರಿ ವಾಯರ್ ಬಿಚ್ಚಿಬಿಡು. ಏಳಕ್ಕ ದೀಪ ಹೋಗಬೇಕು. ಮಾಮಾ ಮನಿಯೊಳಗ ಬರಬೇಕು."

ಖಾದರಸಾಬ ಕಿವಿ ಹಿಡಿದುಕೊಂಡ. "ತೋಬಾ ತೋಬಾ! ಗಿರಾಕಿ ಬ್ಯಾಟ್ರಿ ನನ್ನ ಕೈಯಿಂದ ಕೆಡಸಾಕ ಆಗಂಗಿಲ್ರಿ ಅಕ್ಕೋರ. ಬೇಕಾದ್ರ ನೀವು ಕೇಳಿದ್ದು ಸಾಹೇಬ್ರಿಗೆ ಹೇಳಂಗಿಲ್ಲ, ಅಷ್ಟ."

ಖಾದರಸಾಬ ಹೇಳುವುದಿಲ್ಲ ಎಂದರೆ ಏನರ್ಥ? ರಾಣೇಬೆನ್ನೂರಿನಲ್ಲಿ ಡಂಗುರ ಹೊಡೆಯುವವರ ಕೆಲಸ ಹೋದದ್ದೇ ಅವನಿಂದ! ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ಉಪಾಯ ಕೆಟ್ಟಿತೆಂದು ಬಸ್ಸು ಹತ್ತಿದೆ.

ಶುಕ್ರವಾರ ವ್ಯಾನು ಬಂದು ಬೇವಿನ ಗಿಡದ ಕೆಳಗೆ ನಿಂತಿತು. ಸಂಜೆ ಟ್ಯೂಬ್‌ಲೈಟ್ ಎಂದಿನಂತೆ ಝಗ್ಗೆಂದಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಏಳು ಹೊಡೆಯಿತು. ಅಂಗಳ ಒಮ್ಮೆಲೇ ಕತ್ತಲಾಯಿತು. ಸ್ವಲ್ಪ ಹೊತ್ತಿಗೆ ಹೊಸ್ತಿಲಲ್ಲಿ ಮಾಮಾ, ಕೈಯಲ್ಲಿ ಪೇಪರು.

"ಅಕ್ಕಾ, ನಮ್ಮ ಗಾಡಿ ದೀಪಾ ದೊಡ್ಡದಾತವಾ."

"ಆಗ್ಲಿ, ಒಳಗ ಬಾ. ರೊಟ್ಟಿ ಬಿಸಿ ಅದಾವ" ಎಂದಳು ಅವ್ವ.

ಮಾಮಾ ಚಷ್ಮಾ ಮರೆತು ಬಂದಿದ್ದರು. ತರುತ್ತೇನೆಂದು ನಾನು ಟಾರ್ಚು ಹಿಡಿದು ವ್ಯಾನಿಗೆ ಹೋದೆ. ಚಷ್ಮಾ ಮಂಚದ ಮೇಲಿತ್ತು. ಕುತೂಹಲ ತಡೆಯದೆ ಬಗ್ಗಿ ಮಂಚದ ಕೆಳಗೆ ಟಾರ್ಚು ಬಿಟ್ಟೆ. ಆರೂ ಬ್ಯಾಟರಿ ಸಾಲಾಗಿ ಕೂತಿದ್ದವು. ದೀಪದ ವಾಯರನ್ನು ಯಾರೋ ನಟ್ಟು ಬಿಚ್ಚಿ ತೆಗೆದು, ತುದಿ ತಾಗದಿರಲೆಂದು ಜೋಪಾನವಾಗಿ ಕರವಸ್ತ್ರ ಸುತ್ತಿ ಇಟ್ಟಿದ್ದರು. ಕರವಸ್ತ್ರ ಮಾಮಾನದು. ಅದರ ಮೂಲೆಯಲ್ಲಿ ಅತ್ತಿ ಹಾಕಿದ ಕಸೂತಿ ಇತ್ತು.

ಒಳಗೆ ಬಂದು ಚಷ್ಮಾ ಕೊಟ್ಟೆ. ಮಾಮಾ ನನ್ನ ಮುಖ ನೋಡಲಿಲ್ಲ. "ಏನಾಗೇತಿ ನೋಡಿದೇನವಾ?" ಎಂದರು.

"ನೋಡಿದ್ನಿರಿ ಮಾಮಾ. ಆರೂ ಬ್ಯಾಟ್ರಿ ಪೂರಾ ಇಳದಾವ. ಇನ್ನ ಅವು ಏಳಂಗಿಲ್ಲ" ಎಂದೆ.

ಅವರು "ಹೂಂ" ಎಂದು ಪೇಪರು ಬಿಚ್ಚಿದರು. ಬ್ಯಾಡಗಿಗೆ ಎಷ್ಟು ಮೆಣಸಿನಕಾಯಿ ಚೀಲ ಬಂದವು, ಎಲ್ಲಿ ಮಳೆಯಾಯಿತು, ಯಾರ ಎಮ್ಮೆ ಕಳೆದಿದೆ, ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಅವ್ವ ಗೋಡೆಗೆ ಒರಗಿ ಕೇಳುತ್ತ ಹಾಗೇ ತೂಕಡಿಸಿದಳು. ನನ್ನ ಮುಂದೆ ತಿದ್ದಬೇಕಾದ ಪೇಪರಿನ ಕಟ್ಟು ಇತ್ತು, ನಾನು ಬಿಚ್ಚಲಿಲ್ಲ. ಕೊನೆಯ ಪುಟ ಮುಗಿದ ಮೇಲೆ ಮಾಮಾ ಚಷ್ಮಾ ತೆಗೆದು, ಬಟನ್ನಿನ ಕಡೆ ಕೈ ಚಾಚಿ, ಅಲ್ಲೇ ತಡೆದರು.

"ಮುಂಜಾನೆ ನಿನಗ ಸಾಲಿ ಐತೆಲ್ಲವಾ. ದೀಪಾ ದೊಡ್ಡದು ಮಾಡ್ಲೇನು?"

"ಬ್ಯಾಡ್ರಿ ಮಾಮಾ" ಎಂದೆ. "ಮತ್ತ ಮೊದಲನೇ ಪುಟದಿಂದ ಓದ್ರಿ. ನಾ ಸರಿಯಾಗಿ ಕೇಳಿಲ್ಲ."