ದನದಾಸ್ಪತ್ರೆಗೆ ಗಂಟುಬಿದ್ದ ಕಾಂಗರೂ

ದನದಾಸ್ಪತ್ರೆಯ ಕಾಂಪೌಂಡರನಿಗೆ ಮರ್ಯಾದೆ ಕಳೆದುಕೊಳ್ಳಲು ದೊಡ್ಡ ಕಾರಣ ಬೇಕಿಲ್ಲ, ಎದುರಿಗೊಂದು ಪ್ರಾಣಿ ಇದ್ದರೆ ಸಾಕು. ಎಮ್ಮೆ, ಹೋರಿ, ಅಮಲ್ದಾರರ ನಾಯಿ ಎಲ್ಲವೂ ನನ್ನ ಮಾನ ಕಳೆದಿವೆ. ಆದರೆ ಮೂವತ್ತರ ದಶಕದಲ್ಲಿ ಶಿವಮೊಗ್ಗೆಗೆ ಬಂದ ಸರ್ಕಸ್ಸಿನ ಕಾಂಗರೂ ಕಳೆದಷ್ಟು ಯಾವುದೂ ಕಳೆದಿಲ್ಲ. ಆಗ ನನ್ನದು ಹಂಗಾಮಿ ನೌಕರಿ. ನಮ್ಮ ಡಾಕ್ಟರು ಹಳ್ಳಿಗಳ ಕ್ಯಾಂಪಿಗೆ ಹೊರಡುವಾಗ, "ಇನ್ನೊಂದು ದೂರು ಬಂದ್ರೆ ನಿನ್ನ ಮನೆಗೆ ಕಳಿಸ್ತೀನಿ" ಎಂದು ಹೇಳಿಯೇ ಹೋಗಿದ್ದರು.

೧. ಕೈ ನೆಕ್ಕುವ ರೋಗ

ಉರಿಬಿಸಿಲಿನ ಮಧ್ಯಾಹ್ನ ಡೇರೆಯ ಹಿಂದೆ ಕಾಂಗರೂ ತನ್ನ ಮುಂಗೈಗಳನ್ನು ಬಿಡದೆ ನೆಕ್ಕುತ್ತಿತ್ತು. ಸರ್ಕಸ್ಸಿನವರು ಕರೆಸಿದ್ದರಿಂದ ಹೋದ ನಾನು ಕಜ್ಜಿಯೆಂದು ತೀರ್ಮಾನಿಸಿ ಬೇವಿನೆಣ್ಣೆ ಬಳಿದೆ. ಅದು ಒಮ್ಮೆ ನೆಕ್ಕಿತು, ನನ್ನ ಮುಖ ನೋಡಿತು, ಎರಡೂ ಕೈಗಳನ್ನು ನನ್ನ ಬಿಳಿ ಕೋಟಿಗೆ ಒರೆಸಿತು.

ಅದನ್ನು ಸಾಕುತ್ತಿದ್ದ ಮುದುಕ ನಿಧಾನವಾಗಿ ಹೇಳಿದ: "ಸೆಕೆಗೆ ನೆಕ್ಕೋತದೆ ಸ್ವಾಮಿ. ಒದ್ದೆಯಾದ್ರೆ ಮೈ ತಂಪಾಗ್ತದಲ್ಲ."

"ಮೊದಲೇ ಹೇಳ್ಬಾರ್ದಿತ್ತೇನಯ್ಯ?"

"ನೀವು ಕೇಳ್ಲಿಲ್ಲ."

ಬೇಲಿಯಾಚೆ ನಿಂತಿದ್ದ ರೈತರೊಬ್ಬರು ವಿಚಾರಿಸಿದರು, "ಏನು ತಿನ್ನುತ್ತೆ?"

"ಹುಲ್ಲು."

"ಆಮೇಲೆ?"

"ಹಗಲೆಲ್ಲ ಮಲಗ್ತದೆ."

"ಅದನ್ನ ನೋಡೋಕೆ ಟಿಕೆಟ್ ಯಾಕೆ ಮಾರಾಯ? ನಮ್ಮನೆ ಹೋರಿ ಪುಕ್ಕಟೆ ಮಾಡುತ್ತೆ!"

೨. ರಿವರ್ಸ್ ಇಲ್ಲದ ಗಾಡಿ

ಸರ್ಕಸ್ಸು ಭದ್ರಾವತಿಗೆ ಹೋಯಿತು, ಪ್ರಾಣಿಗಳನ್ನು ನೋಡಿಕೊಳ್ಳಲು ಕರೆದರೆಂದು ಕೋಟು ಒಗೆದುಕೊಂಡು ನಾನೂ ಹೋದೆ. ಎರಡನೇ ದಿನವೇ ಕಾಂಗರೂ ಹಗ್ಗ ಕಿತ್ತುಕೊಂಡು, ನೆಗೆನೆಗೆದು ಅಲ್ಲಿನ ಜನ್ನಾಪುರದ ಒಂದು ಸಂದಿಗೆ ನುಗ್ಗಿತು. ಸಂದಿಯ ಕೊನೆಗೆ ಒಂದು ಮನೆಯ ಹಿತ್ತಲ ಬಾಗಿಲು. ತಿರುಗೋಣವೆಂದರೆ ಬಾಲಕ್ಕೆ ಜಾಗವಿಲ್ಲ, ಹಿಂದೆ ಸರಿಯುವುದಂತೂ ಆ ಜಾತಿಗೇ ಒಗ್ಗದ ವಿದ್ಯೆ. ಕಬ್ಬಿಣದ ಕಾರ್ಖಾನೆಯ ಕೆಲಸಗಾರರು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈದು ನೋಡಿದರು. ಉಪಯೋಗವಾಗಲಿಲ್ಲ.

ಉಳಿದದ್ದು ಒಂದೇ ದಾರಿ: ಹಿತ್ತಲಿಂದ ಹೊಕ್ಕು, ಅಡಿಗೆಮನೆ ದಾಟಿ, ಮುಂಬಾಗಿಲಿಂದ ಹೊರಗೆ. ಆ ಮನೆಯಾಕೆಗೆ ಕೈಮುಗಿದು ಕೇಳಿದೆ. ಆಕೆ ಸೌಟು ಹಿಡಿದೇ ಬಂದು ನೋಡಿದರು. ಮೆಲ್ಲಗೆ ಹೆಜ್ಜೆ ಇಡುವಾಗ ಅದು ಮುಂಗೈ ಊರಿ, ಬಾಲ ಊರಿ, ಆಮೇಲೆ ಹಿಂಗಾಲು ಎತ್ತಿಡುತ್ತಿತ್ತು.

"ಬರ್ಲಿ. ಕಾಲು ತೊಳ್ಸಿ ಕರ್ಕೊಂಡ್ಬನ್ನಿ," ಎಂದರು. "ಬಾಲನೂ ಊರ್ತದೆ, ಅದನ್ನೂ ತೊಳ್ಸಿ."

೩. ಸರ್ಕಾರಿ ಸೀಲು

"ಗಂಡುಗಲಿ ಕಾಂಗರೂ! ಗೆಲ್ಲುವವರು ಯಾರು?" ಎಂದು ಸರ್ಕಸ್ಸಿನವರು ಡಂಗುರ ಹೊಡೆಸಿದರು. ಭದ್ರಾವತಿಯ ಪೈಲ್ವಾನರೊಬ್ಬರು ಮುಂದೆ ಬಂದರು. ಅವರದು ಒಂದೇ ಷರತ್ತು: "ನಾನು ಹೆಣ್ಣಿನ ಮೇಲೆ ಕೈ ಎತ್ತಲ್ಲ. ಅದು ಗಂಡು ಅಂತ ಡಾಕ್ಟ್ರು ಬರ್ಕೊಡ್ಲಿ."

ಮ್ಯಾನೇಜರು ನನ್ನ ಬಳಿ ಓಡಿಬಂದ. ಪರೀಕ್ಷೆ ಮಾಡಲು ಹತ್ತಿರ ಹೋಗಬೇಕಲ್ಲ! ಅದರ ಹಿಂಗಾಲು ನೋಡಿ ದೂರದಲ್ಲೇ ನಿಂತೆ. ಹೊಟ್ಟೆ ಕೊಂಚ ಜೋತುಬಿದ್ದಿತ್ತು, ಕೂತು ತಿಂದು ಬಂದ ಬೊಜ್ಜು ಎಂದುಕೊಂಡೆ.

"ಕುಸ್ತಿ ಆಡೋದು ಗಂಡೇ ಅಲ್ವಾ, ಡಾಕ್ಟರ್ ಸಾಹೇಬ್ರೇ?" ಎಂದ ಮ್ಯಾನೇಜರು. ಅದುವರೆಗೆ ನನ್ನನ್ನು ಯಾರೂ ಡಾಕ್ಟರ್ ಎಂದು ಕರೆದಿರಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ 'ಗಂಡು' ಎಂದು ಬರೆದು, ಚೀಲದಲ್ಲಿದ್ದ ಆಸ್ಪತ್ರೆಯ ಸೀಲು ಒತ್ತಿಬಿಟ್ಟೆ.

ಸಂಜೆ ಡೇರೆ ತುಂಬ ಜನ. ಪೈಲ್ವಾನರು ತೊಡೆ ತಟ್ಟಿ ನಿಂತರು. ಕಾಂಗರೂ ಅವರ ಹೆಗಲಿಗೆ ಎರಡೂ ಕೈ ಹಾಕಿತು. ಭಾರವನ್ನೆಲ್ಲ ಬಾಲದ ಮೇಲೆ ಬಿಟ್ಟು, ಎರಡು ಕಾಲನ್ನೂ ಒಟ್ಟಿಗೆ ಎತ್ತಿ ಒದೆಯಿತು. ಪೈಲ್ವಾನರು ಹೋಗಿ ಬ್ಯಾಂಡಿನವರ ಡೋಲಿನ ಮೇಲೆ ಬಿದ್ದರು.

ಆಗ ಕಾಂಗರೂವಿನ ಹೊಟ್ಟೆಯ ಚೀಲದಿಂದ ಪುಟ್ಟ ತಲೆಯೊಂದು ಹೊರಗೆ ಬಂತು. ಆ ಕಡೆ ಈ ಕಡೆ ನೋಡಿ ಮತ್ತೆ ಒಳಗೆ ಹೋಯಿತು.

ಹೆಂಗಸರ ಕಡೆಯಿಂದ ಒಬ್ಬ ಅಜ್ಜಿ ಎದ್ದು ನಿಂತಳು: "ಅಯ್ಯೋ, ಬಾಣಂತಿ ಕಣ್ರೇ! ಬಾಣಂತಿ ಮೇಲೆ ಕುಸ್ತಿಗೆ ಬಂದಿದಾನಲ್ಲ, ನಾಚಿಕೆ ಆಗಲ್ವೇನೋ?"

ನನ್ನ ನೌಕರಿ ಹೋಯಿತೆಂದುಕೊಂಡೆ. ಮ್ಯಾನೇಜರನ ಕೈಯಿಂದ ಆ ಕಾಗದ ಕಿತ್ತುಕೊಂಡು ಹರಿಯಲು ಹೋದೆ. ಪೈಲ್ವಾನರು ಡೋಲಿನಿಂದ ಎದ್ದು ಕುಂಟುತ್ತ ಬಂದು ನನ್ನ ಕೈ ಹಿಡಿದರು. ದೂರು ಕೊಡಬೇಡಿ ಎಂದು ನಾನು ಅಂಗಲಾಚಿದೆ.

"ದೂರು ಯಾಕೆ ಕೊಡ್ಲಿ ಮಾರಾಯ್ರೇ? ಆ ಕಾಗದ ಇಲ್ಲಿ ಕೊಡಿ!" ಎಂದರು. "ನಾಳೆ ಗರಡೀಲಿ ತೋರ್ಸೋಕೆ ನನಗಿರೋದು ಅದೊಂದೇ. ಜನ ಏನೇ ನೋಡಿರ್ಲಿ, ಸರ್ಕಾರ ಗಂಡು ಅಂತ ಸೀಲ್ ಹಾಕಿದೆಯಲ್ಲ!"